ಬೊಂಬೆಯಂಗಡಿಯ ಹೊಸ ಗಲ್ಲಾಪೆಟ್ಟಿಗೆ

2023ರ ಮಾರ್ಚ್ 12ರಂದು ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇ ಉದ್ಘಾಟನೆಯಾಯಿತು. ರಾಮನಗರ, ಚನ್ನಪಟ್ಟಣ, ಮದ್ದೂರು, ಮಂಡ್ಯಗಳ ಪೇಟೆಯೊಳಗೆ ಹೊಗದೆ ಹೊರಗಿನಿಂದಲೇ ಹಾದುಹೋಗುವ ಈ ದಾರಿ ಪ್ರಯಾಣದ ಹೊತ್ತನ್ನು ಉಳಿಸಿತು. ಆದರೆ ಹಳೆಯ ಹೆದ್ದಾರಿಯ ಬದಿಯಲ್ಲಿ ಸಾಲುಗಟ್ಟಿದ್ದ ಚನ್ನಪಟ್ಟಣದ ಬೊಂಬೆ ಅಂಗಡಿಗಳ ಮುಂದೆ ನಿಲ್ಲುವ ಕಾರುಗಳೂ ಕಡಿಮೆಯಾದವು. ಮೈಸೂರಿಗೆ ಹೊರಟ ಸಂಸಾರ ದಾರಿಯಲ್ಲಿ ಇಳಿದು, ಮಗು ಕೈ ತೋರಿಸಿದ ಬುಗುರಿಯನ್ನೋ ಮರದ ಕುದುರೆಯನ್ನೋ ಕೊಂಡುಹೋಗುವ ವ್ಯಾಪಾರವನ್ನೇ ಆ ಅಂಗಡಿಗಳು ನಂಬಿದ್ದವು. ಗಿರಾಕಿ ಅಂಗಡಿಗೆ ಬರದಿದ್ದರೆ ಅಂಗಡಿ ಗಿರಾಕಿಯ ಮೊಬೈಲಿಗೆ ಹೋಗಬೇಕು. ಆಲೆ ಮರವನ್ನು ಕಡೆದು, ಅರಗಿನ ಬಣ್ಣ ಹಚ್ಚಿ, ತಾಳೆಗರಿಯಿಂದ ಹೊಳಪು ಕೊಡುವ ಈ ಕಸುಬಿಗೆ ಭೌಗೋಳಿಕ ಸೂಚಿಯ ಮಾನ್ಯತೆಯಿದೆ, ಹೊರನಾಡುಗಳಲ್ಲೂ ಹೆಸರಿದೆ. ಇಂಟರ್ನೆಟ್ ಅಂಗಡಿಗೆ ಬೇಕಾದ ಸರಕು ಕೈಯಲ್ಲೇ ಇದೆ. ಫೋಟೊ ತೆಗೆದು ಹಾಕುವುದು, ಕೊರಿಯರ್ ಗೊತ್ತುಮಾಡುವುದು ಇವೆಲ್ಲ ಬೇಗ ಕಲಿಯುವ ಕೆಲಸಗಳು. ಉಳಿಯುವ ಪ್ರಶ್ನೆ ಒಂದೇ: ದುಡ್ಡನ್ನು ಹೇಗೆ ಪಡೆಯುವುದು?

ಈ ಪ್ರಶ್ನೆಗೆ ಸಣ್ಣ ಅಂಗಡಿಗಳವರು ಕೊಟ್ಟುಕೊಂಡಿರುವ ಉತ್ತರಗಳನ್ನು ಒಂದೊಂದಾಗಿ ತೂಗಿ ನೋಡಬೇಕಾಗಿದೆ. ಹೆಚ್ಚಿನವರು ನೋಡುವ ಅಳತೆ ಕಮಿಷನ್: ಯಾರು ಶೇಕಡಾ ಎಷ್ಟು ಹಿಡಿದುಕೊಳ್ಳುತ್ತಾರೆ ಎಂಬುದು. ನನ್ನ ಅಳತೆ ಬೇರೆ. ಹಣ ಬರುವ ದಾರಿಗಳೆಲ್ಲ ಇವತ್ತು ಸುಲಭವಾಗಿವೆ. ಬೊಂಬೆ ಒಡೆದುಹೋದಾಗ, ಪಾರ್ಸೆಲ್ ತಲುಪದಿದ್ದಾಗ, ಬಣ್ಣ ಬೇರೆ ಎಂದು ಗಿರಾಕಿ ದೂರಿದಾಗ ಆ ಹಣ ಯಾವ ದಾರಿಯಲ್ಲಿ, ಎಷ್ಟು ದಿನದಲ್ಲಿ, ಯಾರ ಹೊಣೆಯಲ್ಲಿ ವಾಪಸ್ ಹೋಗುತ್ತದೆ ಎಂಬುದನ್ನು ನೋಡಿ ವ್ಯವಸ್ಥೆಯನ್ನು ಆರಿಸಬೇಕು. ಕೈಯಿಂದ ಮಾಡಿದ ಸರಕಿನಲ್ಲಿ ಎರಡು ಬೊಂಬೆ ಒಂದೇ ಥರ ಇರುವುದಿಲ್ಲ. ಫೋಟೊದಲ್ಲಿ ಕಂಡ ಹಳದಿಗೂ ಕೈಗೆ ಬಂದ ಹಳದಿಗೂ ಒಂದು ಛಾಯೆಯ ವ್ಯತ್ಯಾಸ ಇದ್ದೇ ಇರುತ್ತದೆ. ಹೀಗಾಗಿ ಈ ವ್ಯಾಪಾರದಲ್ಲಿ ವಾಪಸಾತಿ ಎಂದೋ ಒಮ್ಮೆ ಬರುವ ಆಪತ್ತಲ್ಲ, ದಿನದ ವ್ಯವಹಾರದ ಭಾಗ.

ದೂರದ ಗಿರಾಕಿಯಿಂದ ಹಣ ಪಡೆಯುವ ಕಷ್ಟ ನಮಗೆ ಹೊಸದೂ ಅಲ್ಲ. ಸರಕು ತಲುಪಿಸುವಾಗ ಹಣ ವಸೂಲು ಮಾಡಿಕೊಡುವ ವಿ.ಪಿ.ಪಿ.ಯನ್ನು ಭಾರತೀಯ ಅಂಚೆ ಇಲಾಖೆ 1877ರಲ್ಲೇ ಶುರುಮಾಡಿತ್ತು. ಕನ್ನಡದ ಎಷ್ಟೋ ಓದುಗರು ಪುಸ್ತಕ ತರಿಸಿಕೊಂಡದ್ದು ಹಾಗೆಯೇ: ಪ್ರಕಾಶಕರಿಗೆ ಒಂದು ಕಾರ್ಡು ಬರೆದರೆ ಪೋಸ್ಟ್‌ಮ್ಯಾನ್ ಕಟ್ಟು ತರುತ್ತಿದ್ದ, ಹಣ ಕೊಟ್ಟು ಬಿಡಿಸಿಕೊಳ್ಳುತ್ತಿದ್ದರು. ಕೊಳ್ಳುವವರಿಗೂ ಮಾರುವವರಿಗೂ ಪರಸ್ಪರ ಪರಿಚಯವಿಲ್ಲದಿದ್ದರೂ ಇಬ್ಬರೂ ಅಂಚೆ ಇಲಾಖೆಯನ್ನು ನಂಬುತ್ತಿದ್ದರು. ನಡುವೆ ನಿಂತವರಿಗೆ ಹೊಣೆಯೂ ಇತ್ತು, ರಸೀದಿಯೂ ಇತ್ತು. ಇಂದಿನ ಯಾವ ವ್ಯವಸ್ಥೆಯನ್ನೇ ಆಗಲಿ ಅಳೆಯುವಾಗ ಕೇಳಬೇಕಾದದ್ದು ಇದನ್ನೇ: ಇಲ್ಲಿ ನಡುವೆ ನಿಂತವರು ಯಾರು, ಅವರಿಗೆ ಹೊಣೆಯಿದೆಯೇ?

ಮೊದಲು ಅತಿ ಹೆಚ್ಚು ಬಳಕೆಯಲ್ಲಿರುವ ಪದ್ಧತಿಯನ್ನೇ ನೋಡೋಣ. ಇನ್‌ಸ್ಟಾಗ್ರಾಮ್‌ನಲ್ಲಿ ಬೊಂಬೆಯ ಚಿತ್ರ, ವಾಟ್ಸ್‌ಆ್ಯಪ್‌ನಲ್ಲಿ ಮಾತುಕತೆ, ಕೊನೆಗೆ ‘ಈ ನಂಬರಿಗೆ ಹಾಕಿ, ಸ್ಕ್ರೀನ್‌ಶಾಟ್ ಕಳಿಸಿ’ ಎಂಬ ಸಂದೇಶ. ಯುಪಿಐ 2016ರಲ್ಲಿ ಬಂದಾಗ ಇಷ್ಟು ಬೇಗ ಇಷ್ಟು ಆಳಕ್ಕೆ ಇಳಿಯುತ್ತದೆಂದು ಊಹಿಸಿದವರು ಕಡಿಮೆ. 2025ರ ಆಗಸ್ಟ್ ಒಂದೇ ತಿಂಗಳಲ್ಲಿ 2,000 ಕೋಟಿಗೂ ಹೆಚ್ಚು ವಹಿವಾಟುಗಳು ಅದರ ಮೂಲಕ ನಡೆದಿವೆ. 2020ರ ಜನವರಿಯಿಂದ ಯುಪಿಐಗೂ ರುಪೇ ಡೆಬಿಟ್ ಕಾರ್ಡಿಗೂ ಪ್ರತಿ ಪಾವತಿಯ ಮೇಲೆ ವ್ಯಾಪಾರಿಯಿಂದ ಎಂಡಿಆರ್ ಎಂಬ ಶುಲ್ಕ ಹಿಡಿಯುವಂತಿಲ್ಲ. ನೂರು ರೂಪಾಯಿ ಕೊಟ್ಟರೆ ನೂರೂ ಬರುತ್ತದೆ, ಬಂದ ಗಳಿಗೆಯಲ್ಲೇ ಬರುತ್ತದೆ. ಇದು ಸಣ್ಣ ಸಂಗತಿಯಲ್ಲ. ಒಂದು ಲೇತ್, ಇಬ್ಬರು ಕೆಲಸಗಾರರು, ವಾರದ ಕೂಲಿ ಎಂದು ಲೆಕ್ಕ ಹಾಕುವ ಮನೆಯವರಿಗೆ ಅದೇ ದಿನ ಕೈಗೆ ಬರುವ ದುಡ್ಡಿನ ಬೆಲೆ ಬೇರೆ.

ಆದರೂ ಈ ಪದ್ಧತಿ ಇಂಟರ್ನೆಟ್ ಅಂಗಡಿಗೆ ಒಗ್ಗುವುದಿಲ್ಲ. ಸಾವನದುರ್ಗ ಹತ್ತಲು ಭಾನುವಾರ ಬರುವ ಬೆಂಗಳೂರಿನವರು ಬೆಟ್ಟದ ತಪ್ಪಲಿನಲ್ಲಿ ಎಳನೀರು ಕುಡಿದು ಕ್ಯೂಆರ್ ಸ್ಕ್ಯಾನ್ ಮಾಡಿ ಹೊರಡುತ್ತಾರೆ. ಅಲ್ಲಿ ಸರಕು ಕೈ ಬದಲಾಗುವುದೂ ಹಣ ಕೈ ಬದಲಾಗುವುದೂ ಒಂದೇ ಕ್ಷಣದಲ್ಲಿ, ಎದುರು ಬದುರಾಗಿ. ಎಳನೀರು ಹುಳಿಯಾಗಿದ್ದರೆ ಇನ್ನೊಂದನ್ನು ಕೊಚ್ಚಿ ಕೊಡುತ್ತಾರೆ. ಚನ್ನಪಟ್ಟಣದಿಂದ ಕಲಬುರಗಿಗೋ ಪುಣೆಗೋ ಹೋಗುವ ಪಾರ್ಸೆಲಿನಲ್ಲಿ ಹಣಕ್ಕೂ ಸರಕಿಗೂ ನಡುವೆ ನಾಲ್ಕಾರು ದಿನಗಳಿರುತ್ತವೆ. ಆ ನಾಲ್ಕಾರು ದಿನ ಗಿರಾಕಿಯ ಹತ್ತಿರ ಇರುವುದು ಒಂದು ಸ್ಕ್ರೀನ್‌ಶಾಟ್ ಮಾತ್ರ. ಅಂಗಡಿಯ ಹತ್ತಿರ ಇರುವುದೂ ಅದೇ ಸ್ಕ್ರೀನ್‌ಶಾಟ್, ಮತ್ತು ಅದನ್ನು ನಕಲಿಯಾಗಿ ತಯಾರಿಸುವುದು ಮೋಸಗಾರರಿಗೆ ಕಷ್ಟವಲ್ಲ. ಹಬ್ಬದ ಹೊತ್ತಿನಲ್ಲಿ ಒಂದೇ ಬೆಲೆಯ ಹಲವು ಆರ್ಡರುಗಳು ಬಂದರೆ ಯಾವ ಹಣ ಯಾರದ್ದೆಂದು ಹೊಂದಿಸುವುದೇ ಒಂದು ರಾತ್ರಿಯ ಕೆಲಸವಾಗುತ್ತದೆ. ಇನ್ನು ವಾಪಸಾತಿ: ಇಲ್ಲಿ ರೀಫಂಡ್ ಎಂಬುದು ಮೂಲ ಪಾವತಿಗೆ ಸಂಬಂಧವೇ ಇಲ್ಲದ ಹೊಸ ಪಾವತಿ. ಅಂಗಡಿಯವರಿಗೆ ಮನಸ್ಸಿದ್ದರೆ ಉಂಟು, ಇಲ್ಲದಿದ್ದರೆ ಇಲ್ಲ. ಹಣ ವಾಪಸ್ ಪಡೆಯಲು ಪಿನ್ ಒತ್ತಿ ಎಂದು ಗಿರಾಕಿಗಳನ್ನು ಏಮಾರಿಸುವವರಿಗೆ ದಾರಿಯಾಗಿರುವುದೂ ಈ ಗೊಂದಲವೇ. ಹಣ ಪಡೆಯಲು ಪಿನ್ ಎಂದಿಗೂ ಬೇಕಿಲ್ಲ ಎಂಬ ಒಂದು ಸಾಲನ್ನು ಪ್ರತಿ ಅಂಗಡಿಯೂ ತನ್ನ ಪುಟದಲ್ಲಿ ದಪ್ಪಕ್ಷರದಲ್ಲಿ ಹಾಕಬೇಕು.

ಸ್ವಂತ ನಂಬರಿಗೆ ವ್ಯಾಪಾರದ ಹಣ ಪಡೆಯುವುದರ ಇನ್ನೊಂದು ತೊಂದರೆ 2025ರ ಜುಲೈನಲ್ಲಿ ಇಡೀ ಕರ್ನಾಟಕಕ್ಕೆ ಗೊತ್ತಾಯಿತು. ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ವಹಿವಾಟಿನ ಲೆಕ್ಕ ಹಿಡಿದು ಸಾವಿರಾರು ಸಣ್ಣ ವ್ಯಾಪಾರಿಗಳಿಗೆ ಜಿಎಸ್‌ಟಿ ನೋಟಿಸ್ ಕಳಿಸಿತು. ಸರಕು ಮಾರುವವರಿಗೆ ವರ್ಷಕ್ಕೆ ₹40 ಲಕ್ಷ, ಸೇವೆ ಕೊಡುವವರಿಗೆ ₹20 ಲಕ್ಷ ದಾಟಿದರೆ ನೋಂದಣಿ ಬೇಕೆಂಬುದು ನಿಯಮ. ಬೆಂಗಳೂರಿನ ಎಷ್ಟೋ ಅಂಗಡಿಗಳು ಕ್ಯೂಆರ್ ಹಾಳೆ ಕಿತ್ತು ‘ಕ್ಯಾಶ್ ಮಾತ್ರ’ ಎಂದು ಬರೆದು ಅಂಟಿಸಿದವು. ಮುಖ್ಯಮಂತ್ರಿ ಸಿದ್ದರಾಮಯ್ಯ ವ್ಯಾಪಾರಿಗಳ ಜೊತೆ ಸಭೆ ನಡೆಸಿ, ಹಳೆಯ ಬಾಕಿ ವಸೂಲು ಮಾಡುವುದಿಲ್ಲ, ಆದರೆ ನೋಂದಣಿ ಮಾಡಿಸಿಕೊಳ್ಳಬೇಕು ಎಂದ ಮೇಲೆ ಕಾವು ಇಳಿಯಿತು. ಆಗ ವ್ಯಾಪಾರಿಗಳು ಹೇಳಿಕೊಂಡ ದೂರಿನಲ್ಲಿ ಒಂದು ನಿಜವಿತ್ತು: ಅದೇ ಖಾತೆಗೆ ನೆಂಟರು ಕಳಿಸಿದ ದುಡ್ಡು, ಕೈಸಾಲ ಎಲ್ಲ ಸೇರಿಕೊಂಡಿತ್ತು; ಅದೆಲ್ಲವೂ ವ್ಯಾಪಾರದಂತೆ ಕಾಣಿಸಿತು. ಬೀದಿ ಬದಿಯ ಅಂಗಡಿ ಕ್ಯೂಆರ್ ಕಿತ್ತುಹಾಕಬಹುದು. ಇಂಟರ್ನೆಟ್ ಅಂಗಡಿಗೆ ಆ ದಾರಿಯೇ ಇಲ್ಲ. ಅದರ ಪ್ರತಿ ರೂಪಾಯಿಗೂ ಗುರುತು ಉಳಿಯುತ್ತದೆ. ಹಾಗಿರುವಾಗ ಮನೆಯ ಹಣವನ್ನೂ ಅಂಗಡಿಯ ಹಣವನ್ನೂ ಬೇರೆ ಬೇರೆ ಖಾತೆಯಲ್ಲಿ ಇಡುವುದು ಅಂಗಡಿ ತೆರೆಯುವ ಮೊದಲ ದಿನದ ಕೆಲಸ.

ಎರಡನೆಯ ದಾರಿ ಬ್ಯಾಂಕಿನಲ್ಲಿ ಅಂಗಡಿಯ ಹೆಸರಿಗೆ ಕರೆಂಟ್ ಅಕೌಂಟ್ ತೆರೆದು, ವ್ಯಾಪಾರಿ ಕ್ಯೂಆರ್ ಪಡೆಯುವುದು. ಇಲ್ಲಿ ಅಂಗಡಿಯ ಹೆಸರು ಗಿರಾಕಿಯ ಮೊಬೈಲಿನಲ್ಲಿ ಕಾಣುತ್ತದೆ, ಲೆಕ್ಕ ಬೇರೆಯಾಗುತ್ತದೆ, ಖರ್ಚೂ ಕಡಿಮೆ. ಇದಕ್ಕೆ ಮೊದಲನೆಯದಕ್ಕಿಂತ ಹೆಚ್ಚು ಅಂಕ ಕೊಡುತ್ತೇನೆ. ತಿಂಗಳಿಗೆ ಹತ್ತಿಪ್ಪತ್ತು ಆರ್ಡರು ಬರುವ, ಬಹುಪಾಲು ಪರಿಚಿತರೇ ಕೊಳ್ಳುವ ಅಂಗಡಿಗೆ ಇದು ಸಾಕು. ಆದರೆ ಆರ್ಡರಿಗೂ ಹಣಕ್ಕೂ ಗಂಟು ಹಾಕುವ ಕೆಲಸ ಇಲ್ಲೂ ಕೈಯಿಂದಲೇ ಆಗಬೇಕು, ವಾಪಸಾತಿಯೂ ಹೆಚ್ಚಾಗಿ ಕೈಯಿಂದಲೇ.

ಮೂರನೆಯದು ಪೇಮೆಂಟ್ ಗೇಟ್‌ವೇ. ರೇಜರ್‌ಪೇ, ಕ್ಯಾಶ್‌ಫ್ರೀ, ಪೇಯು, ಸಿಸಿಅವೆನ್ಯೂ ಮುಂತಾದ ಸಂಸ್ಥೆಗಳು ಮಾಡುವುದು ಈ ಕೆಲಸ. ಗಿರಾಕಿ ಯುಪಿಐನಲ್ಲೋ ಕಾರ್ಡಿನಲ್ಲೋ ನೆಟ್ ಬ್ಯಾಂಕಿಂಗಿನಲ್ಲೋ ಕೊಟ್ಟ ಹಣ ಮೊದಲು ಈ ಸಂಸ್ಥೆಯ ಮೂಲಕ ಸಾಗಿ, ಒಂದೆರಡು ದಿನದ ಮೇಲೆ ಅಂಗಡಿಯ ಖಾತೆಗೆ ಬೀಳುತ್ತದೆ. ರಿಸರ್ವ್ ಬ್ಯಾಂಕು 2020ರ ಮಾರ್ಚ್‌ನಲ್ಲಿ ಮಾರ್ಗಸೂಚಿ ಹೊರಡಿಸಿದಂದಿನಿಂದ ಇಂಥ ಸಂಸ್ಥೆಗಳು ಅನುಮತಿ ಪಡೆಯಬೇಕು, ವ್ಯಾಪಾರಿಗಳ ಹಣವನ್ನು ತಮ್ಮ ಹಣದ ಜೊತೆ ಬೆರೆಸದೆ ಬ್ಯಾಂಕಿನ ಎಸ್ಕ್ರೋ ಎಂಬ ಪ್ರತ್ಯೇಕ ಖಾತೆಯಲ್ಲೇ ಇಡಬೇಕು. ವಿ.ಪಿ.ಪಿ.ಯಲ್ಲಿ ಅಂಚೆ ಇಲಾಖೆ ನಿಂತಿದ್ದ ಜಾಗದಲ್ಲಿ ಇಲ್ಲಿ ಒಬ್ಬ ಹೊಣೆಗಾರ ನಿಲ್ಲುತ್ತಾನೆ. ಪ್ರತಿ ಪಾವತಿಗೂ ಆರ್ಡರಿನ ಸಂಖ್ಯೆ ಅಂಟಿಕೊಂಡಿರುತ್ತದೆ. ವಾಪಸ್ ಕೊಡಬೇಕಾದರೆ ಅದೇ ಸಂಖ್ಯೆ ಹಿಡಿದು, ಪೂರ್ತಿಯನ್ನೋ ಅರ್ಧವನ್ನೋ, ಬಂದ ಮೂಲಕ್ಕೇ ಕಳಿಸಬಹುದು. ಅಡುಗೆ ಆಟಿಕೆಯ ಸೆಟ್ಟಿನಲ್ಲಿ ಒಂದು ಕುಡಿಕೆ ಮಾತ್ರ ಒಡೆದಿದ್ದರೆ ಅದರ ಬೆಲೆಯಷ್ಟನ್ನೇ ಹಿಂತಿರುಗಿಸಬಹುದು. ಈ ಒಂದು ಗುಣಕ್ಕಾಗಿಯೇ ಇದನ್ನು ಮೊದಲ ಸ್ಥಾನದಲ್ಲಿ ಇಡುತ್ತೇನೆ.

ಇದಕ್ಕೆ ಕೊಡುವ ಬೆಲೆ ಎಷ್ಟು? ಶುಲ್ಕ ಸಾಮಾನ್ಯವಾಗಿ ಶೇ. 2ರ ಆಸುಪಾಸಿನಲ್ಲಿದ್ದು, ಆ ಶುಲ್ಕದ ಮೇಲೆ ಶೇ. 18 ಜಿಎಸ್‌ಟಿ ಬೀಳುತ್ತದೆ. ₹800ರ ಬೊಂಬೆಗೆ ₹16 ಶುಲ್ಕ, ₹2.88 ತೆರಿಗೆ, ಒಟ್ಟು ₹18.88. ಕೈಗೆ ಬರುವುದು ₹781.12. ಯುಪಿಐಗೆ ಎಂಡಿಆರ್ ಇಲ್ಲವೆಂದು ಕಾನೂನು ಹೇಳಿದರೂ ಕೆಲವು ಸಂಸ್ಥೆಗಳು ತಾವು ಒದಗಿಸುವ ತಾಂತ್ರಿಕ ಸೇವೆಗೆಂದು ಬೇರೆ ಹೆಸರಿನಲ್ಲಿ ಶುಲ್ಕ ಹಿಡಿಯುತ್ತವೆ. ಸೇರುವ ಮುಂಚೆ ‘ಯುಪಿಐಗೆ ಎಷ್ಟು, ಕ್ರೆಡಿಟ್ ಕಾರ್ಡಿಗೆ ಎಷ್ಟು, ಹೊರದೇಶದ ಕಾರ್ಡಿಗೆ ಎಷ್ಟು, ರೀಫಂಡ್ ಮಾಡಿದರೆ ಮೊದಲು ಹಿಡಿದ ಶುಲ್ಕ ಮರಳುತ್ತದೆಯೇ’ ಎಂಬ ನಾಲ್ಕು ಪ್ರಶ್ನೆಗಳಿಗೆ ಲಿಖಿತ ಉತ್ತರ ಪಡೆಯಬೇಕು. ಕೊನೆಯ ಪ್ರಶ್ನೆಗೆ ಉತ್ತರ ಹೆಚ್ಚಾಗಿ ‘ಇಲ್ಲ’ ಎಂದೇ ಇರುತ್ತದೆ. ಅಂದರೆ ಪ್ರತಿ ವಾಪಸಾತಿಯಲ್ಲೂ ಅಂಗಡಿಗೆ ಸ್ವಲ್ಪ ನಷ್ಟವಿದೆ. ಆ ನಷ್ಟವನ್ನು ಮೊದಲೇ ಬೆಲೆಯಲ್ಲಿ ಲೆಕ್ಕ ಹಾಕಿಕೊಳ್ಳುವುದು ನ್ಯಾಯವಾದ ವ್ಯಾಪಾರ.

ಗೇಟ್‌ವೇ ಸಂಸ್ಥೆಗಳು ಸೇರಿಸಿಕೊಳ್ಳುವಾಗ ಅಂಗಡಿಯ ವೆಬ್‌ಸೈಟನ್ನು ಪರಿಶೀಲಿಸುತ್ತವೆ: ವಿಳಾಸ ಇದೆಯೇ, ಸರಕು ಕಳಿಸುವ ನಿಯಮ ಬರೆದಿದೆಯೇ, ಹಣ ವಾಪಸಾತಿಯ ನಿಯಮ ಇದೆಯೇ ಎಂದು. ಅನೇಕರಿಗೆ ಇದು ಕಿರಿಕಿರಿ ಎನಿಸುತ್ತದೆ. ನನಗೆ ಇದು ಈ ವ್ಯವಸ್ಥೆಯ ದೊಡ್ಡ ಉಪಕಾರವಾಗಿ ಕಾಣುತ್ತದೆ. ‘ಒಡೆದರೆ ಎಷ್ಟು ದಿನದೊಳಗೆ ತಿಳಿಸಬೇಕು, ಬಣ್ಣದ ಸಣ್ಣ ವ್ಯತ್ಯಾಸ ಕೈಕೆಲಸದ ಸಹಜ ಗುಣ, ಹಣ ಯಾವಾಗ ಮರಳುತ್ತದೆ’ ಎಂದು ಬರೆಯಲು ಕೂತಾಗಲೇ ಅಂಗಡಿಯವರಿಗೂ ತಮ್ಮ ವ್ಯಾಪಾರದ ನಡೆ ಸ್ಪಷ್ಟವಾಗುತ್ತದೆ. ದುಃಖದ ಸಂಗತಿಯೆಂದರೆ ಹಲವರು ಈ ಪುಟಗಳನ್ನು ಬೇರೆ ಯಾವುದೋ ಅಂಗಡಿಯಿಂದ ನಕಲು ಮಾಡಿ ಇಂಗ್ಲಿಷಿನಲ್ಲೇ ಅಂಟಿಸುತ್ತಾರೆ. ಬಟ್ಟೆ ಅಂಗಡಿಯ ನಿಯಮ ಬೊಂಬೆ ಅಂಗಡಿಯಲ್ಲಿ ಕೂತಿರುತ್ತದೆ. ಜಗಳ ಬಂದ ದಿನ ಆ ಪುಟ ಯಾರ ನೆರವಿಗೂ ಬರುವುದಿಲ್ಲ.

ಗೇಟ್‌ವೇಯನ್ನು ಹೊಗಳಿದ ಮಾತ್ರಕ್ಕೆ ಅದರ ಅಪಾಯವನ್ನು ಮರೆಯಬಾರದು. 2022ರ ಡಿಸೆಂಬರ್‌ನಲ್ಲಿ ರಿಸರ್ವ್ ಬ್ಯಾಂಕು ರೇಜರ್‌ಪೇ, ಕ್ಯಾಶ್‌ಫ್ರೀ ಮುಂತಾದ ದೊಡ್ಡ ಸಂಸ್ಥೆಗಳಿಗೇ ಹೊಸ ಆನ್‌ಲೈನ್ ವ್ಯಾಪಾರಿಗಳನ್ನು ಸೇರಿಸಿಕೊಳ್ಳಬೇಡಿ ಎಂದಿತು; ಆ ತಡೆ ಹೋಗಿ ಅವು ಅಂತಿಮ ಅನುಮತಿ ಪಡೆಯಲು ಒಂದು ವರ್ಷ ಹಿಡಿಯಿತು. 2024ರ ಜನವರಿ 31ರಂದು ಪೇಟಿಎಂ ಪೇಮೆಂಟ್ಸ್ ಬ್ಯಾಂಕಿನ ಮೇಲೆ ನಿರ್ಬಂಧ ಬಂದಾಗ, ಅಲ್ಲೇ ಖಾತೆಯಿಟ್ಟು ಹಣ ಪಡೆಯುತ್ತಿದ್ದ ವ್ಯಾಪಾರಿಗಳು ಮಾರ್ಚ್ 15ರೊಳಗೆ ಬೇರೆ ಬ್ಯಾಂಕಿಗೆ ಬದಲಾಯಿಸಿಕೊಳ್ಳಬೇಕಾಯಿತು. ಇದರಿಂದ ಕಲಿಯಬೇಕಾದದ್ದು ಇಷ್ಟು: ಒಂದೇ ಬಾಗಿಲಿನ ಅಂಗಡಿ ಕಟ್ಟಬಾರದು. ಗೇಟ್‌ವೇ ಮುಖ್ಯ ಬಾಗಿಲಾಗಿದ್ದರೆ ಬ್ಯಾಂಕಿನ ಕ್ಯೂಆರ್ ಪಕ್ಕದ ಬಾಗಿಲಾಗಿ ತಯಾರಿರಲಿ. ಬಂದ ಹಣವನ್ನು ಗೇಟ್‌ವೇಯಲ್ಲಿ ಕೂಡಿಡದೆ ದಿನದಿನವೂ ಅಂಗಡಿಯ ಖಾತೆಗೆ ಇಳಿಸಿಕೊಳ್ಳಬೇಕು. ರಾಮನಗರದ ಮಾರುಕಟ್ಟೆಯಲ್ಲಿ ಗೂಡು ಮಾರಿದ ರೇಷ್ಮೆ ರೈತ ಕೇಳುವ ಮೊದಲ ಪ್ರಶ್ನೆ ‘ದುಡ್ಡು ಖಾತೆಗೆ ಯಾವತ್ತು ಬೀಳುತ್ತದೆ’ ಎಂಬುದು. ಬೊಂಬೆ ಮಾರುವವರೂ ಗೇಟ್‌ವೇ ಸಂಸ್ಥೆಯನ್ನು ಅದೇ ದನಿಯಲ್ಲಿ ಕೇಳಬೇಕು.

ನಾಲ್ಕನೆಯದು ಕ್ಯಾಶ್ ಆನ್ ಡೆಲಿವರಿ, ವಿ.ಪಿ.ಪಿ.ಯ ಮೊಮ್ಮಗ. ಸರಕು ನೋಡದೆ ಹಣ ಕೊಡಲು ಅಂಜುವ ಗಿರಾಕಿಗೆ ಇದು ಧೈರ್ಯ ಕೊಡುತ್ತದೆ, ಅದನ್ನು ಅಲ್ಲಗಳೆಯಲಾಗದು. ಆದರೆ ಭಾರವೆಲ್ಲ ಮಾರುವವರ ತಲೆಯ ಮೇಲೆ ಬೀಳುತ್ತದೆ. ಪಾರ್ಸೆಲ್ ಬಾಗಿಲಿಗೆ ಹೋದಾಗ ‘ಬೇಡ’ ಎಂದುಬಿಟ್ಟರೆ ಹೋದ ಸಾಗಣೆಯೂ ಬಂದ ಸಾಗಣೆಯೂ ಅಂಗಡಿಯ ಲೆಕ್ಕಕ್ಕೆ. ಮರದ ಬೊಂಬೆ ತೂಕದ ಸರಕು, ಎರಡು ಸಲ ಪ್ರಯಾಣ ಮಾಡಿ ಬಂದರೆ ಅರಗಿನ ಹೊಳಪಿನ ಮೇಲೆ ಗೀರು ಬಿದ್ದಿರುತ್ತದೆ. ಕೊರಿಯರಿನವರು ವಸೂಲು ಮಾಡಿದ ಹಣವನ್ನು ದಿನಗಳ ಮೇಲೆ ಕೊಡುತ್ತಾರೆ. ಅಲ್ಲಿಯವರೆಗೆ ಮರ, ಅರಗು, ಕೂಲಿ ಎಲ್ಲಕ್ಕೂ ಕೈಯಿಂದ ಹಾಕಬೇಕು. ದೊಡ್ಡ ಕಂಪನಿಗಳು ಈ ನಷ್ಟವನ್ನು ಸಾವಿರಾರು ಆರ್ಡರುಗಳಲ್ಲಿ ಹಂಚಿ ಮರೆಸುತ್ತವೆ, ಸಣ್ಣ ಅಂಗಡಿಗೆ ಆ ಅನುಕೂಲವಿಲ್ಲ. ಕೊಡಲೇಬೇಕೆಂದರೆ ಕಡಿಮೆ ಬೆಲೆಯ ಸರಕಿಗೆ ಮಾತ್ರ, ಫೋನು ಮಾಡಿ ಖಚಿತಪಡಿಸಿಕೊಂಡ ಮೇಲೆ, ಸಾಗಣೆ ವೆಚ್ಚವನ್ನಾದರೂ ಮುಂಗಡ ಪಡೆದು ಕೊಡಬೇಕು.

ಅಮೆಜಾನ್, ಫ್ಲಿಪ್‌ಕಾರ್ಟ್‌ನಂಥ ಮಾರುಕಟ್ಟೆಗಳಲ್ಲಿ ಮಾರಿದರೆ ಈ ತಲೆನೋವೇ ಇಲ್ಲವಲ್ಲ ಎಂಬ ವಾದವಿದೆ. ಅಲ್ಲಿ ಹಣ ವಸೂಲಿ, ವಾಪಸಾತಿ ಎರಡೂ ಅವರದ್ದೇ. ಗಿರಾಕಿಯೂ ಅವರದ್ದೇ, ನಿಯಮವೂ ಅವರದ್ದೇ. ವಾಪಸಾತಿಯ ತೀರ್ಪನ್ನು ಬೊಂಬೆ ಕಡೆದವರು ಕೊಡುವಂತಿಲ್ಲ, ಮತ್ತು ಕೊಂಡವರ ವಿಳಾಸ ಬುಕ್ಕು ಮುಂದಿನ ದಸರೆಗೆ ಅಂಗಡಿಯ ಕೈಯಲ್ಲಿ ಇರುವುದಿಲ್ಲ. ಹೊಸಬರಿಗೆ ಹೆಸರು ತಿಳಿಸಲು ಅದು ಒಳ್ಳೆಯ ಜಾಗ. ಅದನ್ನೇ ಮನೆ ಮಾಡಿಕೊಳ್ಳುವುದು ಒಳ್ಳೆಯದಲ್ಲ.

ಹೊರದೇಶದ ಗಿರಾಕಿಗಳ ಮಾತು ಬೇರೆ. ಅಮೆರಿಕದಲ್ಲೋ ಸಿಂಗಪುರದಲ್ಲೋ ಇರುವ ಕನ್ನಡ ಮನೆಗಳಲ್ಲಿ ದಸರೆಗೆ ಬೊಂಬೆ ಕೂರಿಸುವವರಿದ್ದಾರೆ, ಮಕ್ಕಳಿಗೆ ಪ್ಲಾಸ್ಟಿಕ್ ಬೇಡವೆಂದು ಮರದ ಗಿಲಕಿ ಹುಡುಕುವವರಿದ್ದಾರೆ. ಪೇಪಾಲ್ 2021ರ ಏಪ್ರಿಲ್ 1ರಿಂದ ಭಾರತದ ಒಳಗಿನ ಪಾವತಿ ಸೇವೆಯನ್ನು ನಿಲ್ಲಿಸಿದೆ, ಹೊರದೇಶದಿಂದ ಹಣ ತರಲು ಈಗಲೂ ಬಳಕೆಯಲ್ಲಿದೆ. ಕೆಲವು ಗೇಟ್‌ವೇಗಳೂ ಹೊರದೇಶದ ಕಾರ್ಡು ಒಪ್ಪುತ್ತವೆ. ಎರಡರಲ್ಲೂ ಶುಲ್ಕ ಹೆಚ್ಚು, ಡಾಲರಿನಿಂದ ರೂಪಾಯಿಗೆ ಬದಲಿಸುವಾಗಿನ ಕಡಿತವೂ ಸೇರುತ್ತದೆ, ಕಾರ್ಡಿನವರು ಬ್ಯಾಂಕಿಗೆ ದೂರು ಕೊಟ್ಟು ಹಣ ಹಿಂದಕ್ಕೆ ಎಳೆಸುವ ಸಾಧ್ಯತೆಯೂ ಇದೆ. ಪ್ಯಾಕ್ ಮಾಡುವಾಗಿನ ಫೋಟೊ, ಅಂಚೆಯ ರಸೀದಿ, ತಲುಪಿದ ದಾಖಲೆ ಇವನ್ನು ಜೋಪಾನವಾಗಿ ಇಟ್ಟುಕೊಂಡವರು ಮಾತ್ರ ಇಂಥ ತಕರಾರಿನಲ್ಲಿ ಉಳಿಯುತ್ತಾರೆ.

ಯಾವ ದಾರಿ ಹಿಡಿದರೂ ತಪ್ಪಬಾರದ ಎರಡು ನಿಯಮಗಳಿವೆ. ಗಿರಾಕಿಯ ಕಾರ್ಡಿನ ನಂಬರನ್ನು ಅಂಗಡಿ ಎಂದೂ ಕೇಳಬಾರದು, ಬರೆದಿಡಬಾರದು. 2022ರ ಅಕ್ಟೋಬರ್ 1ರಿಂದ ವ್ಯಾಪಾರಿಗಳು ಕಾರ್ಡಿನ ವಿವರ ಇಟ್ಟುಕೊಳ್ಳುವಂತಿಲ್ಲ, ನಂಬರಿನ ಬದಲಿಗೆ ಸಂಕೇತ ಬಳಸುವ ಟೋಕನ್ ವ್ಯವಸ್ಥೆ ಬಂದಿದೆ. ಎರಡನೆಯದು, ಹಣ ಕಡಿತವಾಗಿ ಅಂಗಡಿಗೆ ಖಚಿತ ಸಂದೇಶ ಬರದಿದ್ದಾಗ ಗಿರಾಕಿಗೆ ಸರಿಯಾದ ಮಾಹಿತಿ ಕೊಡಬೇಕು. ರಿಸರ್ವ್ ಬ್ಯಾಂಕಿನ 2019ರ ಸೆಪ್ಟೆಂಬರ್ ಸುತ್ತೋಲೆಯ ಪ್ರಕಾರ ಅಂಥ ಹಣ ವಹಿವಾಟಿನ ದಿನದಿಂದ ಐದು ದಿನದೊಳಗೆ ತಾನಾಗಿ ಮರಳಬೇಕು, ತಡವಾದರೆ ದಿನಕ್ಕೆ ₹100 ಪರಿಹಾರ ಗಿರಾಕಿಗೆ ಸಲ್ಲಬೇಕು. ಈ ಎರಡು ಸಾಲನ್ನು ಅಂಗಡಿಯ ಪುಟದಲ್ಲಿ ಕನ್ನಡದಲ್ಲಿ ಬರೆದಿದ್ದರೆ ಎಷ್ಟೋ ಕೋಪದ ಫೋನುಗಳು ತಪ್ಪುತ್ತವೆ.

ನನ್ನ ತೀರ್ಮಾನವನ್ನು ನೇರವಾಗಿ ಹೇಳುತ್ತೇನೆ. ಸಣ್ಣ ಬೊಂಬೆಯಂಗಡಿ ರಿಸರ್ವ್ ಬ್ಯಾಂಕಿನ ಅನುಮತಿಯಿರುವ ಒಂದು ಗೇಟ್‌ವೇಯನ್ನು ಮುಖ್ಯ ದಾರಿಯಾಗಿ ಇಟ್ಟುಕೊಂಡು, ಅದರಲ್ಲಿ ಯುಪಿಐಯನ್ನು ಎಲ್ಲಕ್ಕಿಂತ ಮೊದಲು ತೋರಿಸಲಿ. ಅಂಗಡಿಯ ಹೆಸರಿನ ಬ್ಯಾಂಕ್ ಕ್ಯೂಆರ್ ಎರಡನೆಯ ದಾರಿಯಾಗಿರಲಿ. ಸ್ವಂತ ನಂಬರು ಮತ್ತು ಸ್ಕ್ರೀನ್‌ಶಾಟಿನ ಪದ್ಧತಿಯನ್ನು ಪೂರ್ತಿ ಬಿಡಲಿ. ನೂರಕ್ಕೆ ಎರಡು ರೂಪಾಯಿ ಉಳಿಸಲು ಹೋಗಿ ಗಿರಾಕಿಯ ನಂಬಿಕೆಯನ್ನು ಪಣಕ್ಕಿಡುವುದು ನಷ್ಟದ ವ್ಯಾಪಾರ.

ಆದರೆ ಹೊಣೆಯನ್ನೆಲ್ಲ ಕುಶಲಕರ್ಮಿಯ ಮೇಲೇ ಹೊರಿಸಿ ಮಾತು ಮುಗಿಸುವುದು ಅನ್ಯಾಯ. ಲೇತಿನ ಮುಂದೆ ಕೂತು ದಿನವಿಡೀ ದುಡಿಯುವವರು ಇಂಗ್ಲಿಷಿನ ಅರ್ಜಿ, ಕೆವೈಸಿ, ವೆಬ್‌ಸೈಟಿನ ನಿಯಮ ಇವನ್ನೆಲ್ಲ ಒಬ್ಬೊಬ್ಬರಾಗಿ ಎದುರಿಸಲಾರರು. ಯುಪಿಐ ಆ್ಯಪ್‌ಗಳು ಕನ್ನಡದಲ್ಲಿ ಸಿಗುತ್ತವೆ, ಅಂಗಡಿಯ ಸೌಂಡ್‌ಬಾಕ್ಸ್ ಕನ್ನಡದಲ್ಲಿ ಹಣ ಬಂದದ್ದನ್ನು ಕೂಗಿ ಹೇಳುತ್ತದೆ, ಆದರೆ ಗೇಟ್‌ವೇಯ ಒಪ್ಪಂದ ಕನ್ನಡದಲ್ಲಿ ಸಿಗುವುದು ಅಪರೂಪ. ಕಾವೇರಿ ಮಳಿಗೆಗಳನ್ನು ನಡೆಸುವ ಕರ್ನಾಟಕ ರಾಜ್ಯ ಕರಕುಶಲ ಅಭಿವೃದ್ಧಿ ನಿಗಮವಾಗಲಿ, ಕುಶಲಕರ್ಮಿಗಳ ಸಂಘಗಳಾಗಲಿ ಎರಡು ಕೆಲಸ ಮಾಡಬಹುದು: ಒಂದು, ಬೊಂಬೆ ವ್ಯಾಪಾರಕ್ಕೆ ಹೊಂದುವ ವಾಪಸಾತಿ ನಿಯಮದ ಮಾದರಿಯನ್ನು ಕನ್ನಡದಲ್ಲಿ ಸಿದ್ಧಪಡಿಸಿ ಎಲ್ಲರಿಗೂ ಕೊಡುವುದು, ಎರಡು, ಹತ್ತಾರು ಮನೆಗಳು ಒಟ್ಟಾಗಿ ಒಂದು ಗೇಟ್‌ವೇ ಜೊತೆ ಕಡಿಮೆ ಶುಲ್ಕಕ್ಕೆ ಚೌಕಾಸಿ ಮಾಡಲು ನೆರವಾಗುವುದು. ಈಗ ಬೆಂಗಳೂರು ದಕ್ಷಿಣ ಎಂದು ಹೆಸರು ಬದಲಾಗಿರುವ ರಾಮನಗರ ಜಿಲ್ಲೆಯ ಆಡಳಿತ ತರಬೇತಿ ಶಿಬಿರಗಳಲ್ಲಿ ಫೋಟೊ ತೆಗೆಯುವುದನ್ನು ಕಲಿಸುವಷ್ಟೇ ಆಸ್ಥೆಯಿಂದ ಹಣ ವಾಪಸ್ ಕೊಡುವುದನ್ನೂ ಕಲಿಸಬೇಕು. ಸಲೀಸಾಗಿ ಹಣ ಹಿಂತಿರುಗಿಸಬಲ್ಲ ಅಂಗಡಿಗೆ ಗಿರಾಕಿ ಎರಡನೆಯ ಸಲ ಅಂಜಿಕೆಯಿಲ್ಲದೆ ಹಣ ಕಳಿಸುತ್ತಾನೆ. ಚನ್ನಪಟ್ಟಣದ ಇಂಟರ್ನೆಟ್ ವ್ಯಾಪಾರ ನಿಲ್ಲಬೇಕಾದದ್ದು ಆ ಎರಡನೆಯ ಆರ್ಡರಿನ ಮೇಲೆ.